ಬೆರಳಾಡುವ ಜೋಡು

ನಮ್ಮೂರಿನ ರಸ್ತೆ ಹರಿಯುತ್ತದೆ. ಮೇಲಿನ ಕೇರಿಯಿಂದ ಕೆಳಗಿನ ಕೇರಿಗೆ, ಹಗಲೂ ರಾತ್ರಿ, ಒಂದೇ ದಿಕ್ಕಿಗೆ. ಮುಂಜಾನೆ ಎಮ್ಮೆ ನಡೆದಷ್ಟು ನಿಧಾನ, ಮಧ್ಯಾಹ್ನ ಜೋರು, ಸಂಜೆಗೆ ಮತ್ತೆ ಸಮಾಧಾನ. ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ನನ್ನನ್ನು ಕೇಳಬೇಡಿ. ನಾನು ಹಿಟ್ಟಿನ ಗಿರಣಿ ನಡೆಸುವವಳು, ನನ್ನ ಗಿರಣಿಯ ಬೆಲ್ಟು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದಷ್ಟೇ ನನಗೆ ಗೊತ್ತು. ಕೆಳಗೆ ಹೋಗಬೇಕಾದವರು ರಸ್ತೆಗಿಳಿದು ಸುಮ್ಮನೆ ನಿಂತರಾಯಿತು, ಮೇಲೆ ಹೋಗಬೇಕಾದವರು ಓಡಬೇಕು. ದಣಿವಾದರೆ ಪಕ್ಕದ ಯಾರದಾದರೂ ಜಗಲಿ ಹತ್ತಿ ಕೂರಬಹುದು. ಅವರು ನೀರು ಕೊಡುತ್ತಾರೆ, ಯಾರ ಮನೆಯವರು ಏನು ಎತ್ತ ಎಂದು ವಿಚಾರಿಸುತ್ತಾರೆ. ಮನೆಗಳ ಬೆನ್ನಿಗೆ ಎರಡೂ ಕಡೆ ನೆಟ್ಟಗೆ ನಿಂತ ಬಂಡೆ, ಬೇರೆ ದಾರಿಯಿಲ್ಲ.

ಇದಕ್ಕೆಲ್ಲ ನಾವು ಹೊಂದಿಕೊಂಡುಬಿಟ್ಟಿದ್ದೇವೆ. ನಮ್ಮಲ್ಲಿ ಬೀದಿಜಗಳ ಆಡುವವರು ತಮ್ಮ ಮನೆಯ ಮುಂದೆಯೇ ಮುಖಕ್ಕೆ ಮುಖ ಕೊಟ್ಟು ಬೈಯಬೇಕಾದರೆ ಇಬ್ಬರೂ ನಡೆಯುತ್ತಲೇ ಇರಬೇಕು, ಹಾಗಾಗಿ ಯಾವ ಜಗಳವೂ ಹೆಚ್ಚು ಹೊತ್ತು ಬಾಳುವುದಿಲ್ಲ. ಹಸುಗಳು ರಸ್ತೆಯಲ್ಲೇ ಮಲಗಿ ಮೆಲುಕು ಹಾಕುತ್ತ ಬಂದು ಹುಲ್ಲಿನ ಅಂಗಡಿಯ ಮುಂದೆ ಸರಿಯಾಗಿ ಎದ್ದು ನಿಲ್ಲುತ್ತವೆ. ಮೇಲುಗಡೆಯ ಮನೆಯವರು ಜೋಳದ ಡಬ್ಬವನ್ನು ರಸ್ತೆಗೆ ಬಿಟ್ಟು "ನೀಲಕ್ಕಾ" ಎಂದು ಕೂಗಿದರೆ ಡಬ್ಬ ತಾನೇ ನನ್ನ ಗಿರಣಿಗೆ ಬರುತ್ತದೆ. ನೀಲಕ್ಕ ಅಂದರೆ ನಾನೇ, ನೀಲಾಂಬಿಕೆ. ಹಿಟ್ಟು ಹೊತ್ತುಕೊಂಡು ಹೋಗಲು ಮಾತ್ರ ಅವರು ಓಡಿಯೇ ತೀರಬೇಕು.

ಊರಿನ ನಡುವೆ ಒಂದು ಕಡೆ ಎರಡು ಬಂಡೆ ಒತ್ತೊತ್ತಾಗಿ ಬಂದು, ರಸ್ತೆ ಇಕ್ಕಟ್ಟಾಗಿ, ಹುಚ್ಚು ಹಿಡಿದ ಹಾಗೆ ಹರಿಯುತ್ತದೆ. ಅದಕ್ಕೆ ಬಂಡೆಸಂದಿ ಎನ್ನುತ್ತೇವೆ. ಅಲ್ಲಿ ಮನೆಯಿಲ್ಲ, ಜಗಲಿಯಿಲ್ಲ, ಹಿಡಿದುಕೊಳ್ಳಲು ಒಂದು ಗಿಡವೂ ಇಲ್ಲ. ಅರ್ಧದಲ್ಲಿ ಕಾಲು ಸೋತರೆ ರಸ್ತೆ ನಿಮ್ಮನ್ನು ಹೊತ್ತು ತಂದು ಶುರುವಿನಲ್ಲೇ ಬಿಸಾಡುತ್ತದೆ. ಮೇಲಿನವರು ಕೆಳಗೆ ಬರಬಹುದು, ಕೆಳಗಿನವರು ಮೇಲೆ ಹೋಗಲಾರರು. ಹಾಗಾಗಿ ಸಂದಿಯ ಕೆಳಗೆ ಕೊಟ್ಟ ಹೆಣ್ಣುಮಕ್ಕಳಿಗೆ ತವರು ಎನ್ನುವುದು ಮದುವೆಯ ದಿನವೇ ಮುಗಿದುಹೋಗುತ್ತದೆ. ನಾನೂ ಧಾರೆ ಸೀರೆಯಲ್ಲಿ ಗಂಡನ ಪಕ್ಕ ನಿಂತು ಹರಿದು ಬಂದವಳೇ. ಅಕ್ಕ ಗುರುಶಾಂತಮ್ಮ ಸಂದಿಯ ಬಾಯಲ್ಲಿ ನಿಂತು ಕೈ ಬೀಸುತ್ತ ಬೀಸುತ್ತ ಸಣ್ಣಗಾಗಿ ಹೋದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನನ್ನತ್ತೆ ಹಾಲಮ್ಮನವರ ತವರೂ ಸಂದಿಯ ಮೇಲೆಯೇ. ಆದರೆ ಆ ಮಾತನ್ನು ನಮ್ಮನೆಯಲ್ಲಿ ಎತ್ತುವಂತಿಲ್ಲ. ಎತ್ತಿದರೆ ಅವರು ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕುತ್ತಾರೆ.

ಅಕ್ಕ ಆಗಾಗ ಬುಟ್ಟಿ ಬಿಡುತ್ತಿದ್ದಳು. ಉಪ್ಪಿನಕಾಯಿ, ಹುರಿಗಡಲೆ ಉಂಡೆ, ನನ್ನ ಮಗ ಹುಟ್ಟಿದಾಗ ಕುಲಾವಿ, ಎಲ್ಲ ರಸ್ತೆಯ ಮೇಲೆ ಬಂದವು. ನನ್ನಿಂದ ಅವಳಿಗೆ ಇಷ್ಟು ವರ್ಷದಲ್ಲಿ ಒಂದು ಹಿಡಿ ಹಿಟ್ಟನ್ನೂ ಕಳಿಸಲಾಗಲಿಲ್ಲ. ಅದು ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು. ದೀಪಾವಳಿ ಕಳೆದ ಮೇಲೆ ಒಂದು ಬೆಳಗ್ಗೆ ಬುಟ್ಟಿ ಬಂತು. ಅದರಲ್ಲಿ ತೆಂಗಿನಕಾಯಿ, ಅರಿಶಿನದ ಕೊಂಬು, ಅಕ್ಕನ ಮಗಳು ದಾಕ್ಷಿಯ ಲಗ್ನಪತ್ರಿಕೆ. ಸಂಕ್ರಾಂತಿ ಆದ ಮೇಲೆ ಮದುವೆ. ಪತ್ರಿಕೆಯ ಕೆಳಗೆ ಅಕ್ಕ ಬರೆದಿದ್ದಳು: "ನೀನು ಬರಲಾರೆ ಅಂತ ಗೊತ್ತು ನೀಲಿ. ಆದರೂ ಕರೆಯದೆ ಇರಲಾರೆ."

ನನಗೆ ಅಳು ಬರಲಿಲ್ಲ, ರೇಗಿಹೋಯಿತು. ಬರಲಾರೆ ಅಂತ ಹೇಳಲು ಇವಳು ಯಾರು? "ರೀ, ನಾನು ದಾಕ್ಷಿ ಮದುವೆಗೆ ಹೋಗ್ತೀನಿ" ಎಂದೆ.

ನನ್ನ ಗಂಡ ಪಂಚಾಕ್ಷರಿ ಜೋಳ ಜರಡಿ ಹಿಡಿಯುತ್ತಿದ್ದವರು ತಲೆ ಎತ್ತಿದರು. "ಸಂದಿ ಹತ್ತಿದವರು ಯಾರಿದಾರೆ ಮಾರಾಯ್ತಿ? ಗಟ್ಟಿಮುಟ್ಟಾದ ಗಂಡಸರೇ ಅರ್ಧಕ್ಕೆ ಕಾಲು ಹಿಡ್ಕೊಂಡು ವಾಪಸ್ ಬಂದಿದಾರೆ."

"ನಾನು ದಿನಾ ಓಡಿ ಓಡಿ ಕಲೀತೀನಿ. ಸಂಕ್ರಾಂತಿಗೆ ಇನ್ನೂ ಹೊತ್ತಿದೆ."

"ಮೊದಲು ನಿನಗೊಂದು ನೆಟ್ಟಗಿರೋ ಶೂ ಆದರೂ ಬೇಡವಾ?" ಎಂದರು ಅವರು. ಅಲ್ಲಿಂದ ಶುರುವಾಯಿತು ನೋಡಿ.

ನಮ್ಮೂರಲ್ಲಿ ಶೂ ಅಂದರೆ ಬಿಗಿ ಇರಬೇಕು. ಕಾಲಿನಿಂದ ಜಾರಿದ ಜೋಡು ರಸ್ತೆಯ ಪಾಲು, ಮತ್ತೆ ಕಣ್ಣಿಗೆ ಬೀಳುವುದಿಲ್ಲ. ಆ ಹೆದರಿಕೆಗೆ ಎಲ್ಲರೂ ತಮ್ಮ ಅಳತೆಗಿಂತ ಚಿಕ್ಕದನ್ನೇ ಕೊಳ್ಳುತ್ತಾರೆ. ಬರಿಗಾಲಲ್ಲಿ ಓಡೋಣವೆಂದರೆ ರಸ್ತೆಯ ಮೈ ಅರದ ಹಾಗೆ ತರಿತರಿ, ಅಂಗಾಲಿನ ಚರ್ಮ ಉಳಿಯುವುದಿಲ್ಲ. ಹಾಗಾಗಿ ಬಿಗಿ ಶೂ ಹಾಕಿ ಹಾಕಿ ಎಲ್ಲರ ಕಾಲಿನ ಉಗುರೂ ಕಪ್ಪಗಾಗಿರುತ್ತದೆ. ಅದೇ ಮರ್ಯಾದೆ. ಹೆಣ್ಣು ನೋಡಲು ಬಂದವರು ಮೊದಲು ಕಾಲುಗುರು ನೋಡುತ್ತಾರೆ, ಉಗುರು ಕಪ್ಪಗಿದ್ದರೆ ಜೋಪಾನ ಬಲ್ಲ ಹುಡುಗಿ ಎಂದು ತಲೆದೂಗುತ್ತಾರೆ. ನಮ್ಮತ್ತೆಯ ಹತ್ತೂ ಉಗುರು ಇದ್ದಿಲ ಹಾಗೆ. ಹಬ್ಬದ ದಿನ ಅವರು ಬೇಕೆಂದೇ ಕಾಲು ಮುಂದೆ ಚಾಚಿ ಕೂರುತ್ತಾರೆ.

ತಿಪ್ಪೇಶಪ್ಪನ ಶೂ ಅಂಗಡಿ ನಮ್ಮ ಗಿರಣಿಗಿಂತ ಸ್ವಲ್ಪ ಕೆಳಗೆ. ಬೆಳಗ್ಗೆ ಹೋದೆ. ತಿಪ್ಪೇಶಪ್ಪ ನನ್ನ ಕಾಲನ್ನು ಒಮ್ಮೆ ನೋಡಿ, ಅದು ಹೋಗಲು ಸಾಧ್ಯವೇ ಇಲ್ಲದಂಥ ಒಂದು ಕೆಂಪು ಜೋಡು ತೆಗೆದರು. ಹಿಮ್ಮಡಿಗೆ ಹರಳೆಣ್ಣೆ ಸವರಿ, ಚಮಚದ ಹಿಡಿ ತೂರಿಸಿ ನೂಕಿದರು. ಅಂಗಡಿಗೆ ಬಂದ ಇನ್ನಿಬ್ಬರು ಹೆಂಗಸರು ನನ್ನ ಭುಜ ಅದುಮಿ ಹಿಡಿದರು. ಹೆರಿಗೆಯಲ್ಲೂ ನಾನು ಹಾಗೆ ಹಲ್ಲು ಕಚ್ಚಿರಲಿಲ್ಲ.

"ಹೇಗಿದೆ ನೀಲಕ್ಕ?" ಎಂದರು ತಿಪ್ಪೇಶಪ್ಪ, ಬೆವರು ಒರೆಸಿಕೊಳ್ಳುತ್ತ.

"ಪ್ರಾಣ ಹೋಗ್ತಾ ಇದೆ ತಿಪ್ಪೇಶಣ್ಣ."

"ಹಾಗಾದ್ರೆ ಸರಿಯಾಗಿದೆ."

ಅದನ್ನು ಹಾಕಿಕೊಂಡು ಕೆಲವು ದಿನ ಓಡಿದೆ. ಓಡಿದೆ ಎನ್ನುವುದು ಸುಳ್ಳು, ಕುಂಟಿದೆ. ಹೋಟೆಲಿನ ಜಗಲಿ ತಲುಪುವಷ್ಟರಲ್ಲಿ ಹೆಬ್ಬೆರಳಿನಿಂದ ತಲೆಯವರೆಗೆ ಸಿಡಿತ. ಅತ್ತೆ ನನ್ನ ಊದಿದ, ನೀಲಿಗಟ್ಟಿದ ಬೆರಳು ನೋಡಿ, "ಈಗ ಮರ್ಯಾದಸ್ಥರ ಮನೆ ಸೊಸೆ ಕಾಲು ಅನ್ನಿಸ್ತದೆ. ಇನ್ನು ಓಡೋದು ಸಾಕು, ಒಳಗೆ ಬಾ" ಎಂದರು. ರಾತ್ರಿಯೆಲ್ಲ ಕಾಲಿಗೆ ಬೆಣ್ಣೆ ಸವರಿಕೊಂಡು ಮಲಗಿದೆ. ಮದುವೆ ಕೈತಪ್ಪಿತು ಎಂದೇ ಅನ್ನಿಸಿತು.

ಮಾರನೆಯ ಸಂಜೆ ಗಿರಣಿಯಲ್ಲಿ ಜನವೋ ಜನ. ಬೆಲ್ಟು ಜಾರುತ್ತಿದೆ ಎಂದು ಪಂಚಾಕ್ಷರಿ ಅದನ್ನು ಎಳೆದು ಬಿಗಿದರು. ನಾನು ಬೇಡ ಎನ್ನುತ್ತಿದ್ದ ಹಾಗೆಯೇ ಸುಟ್ಟ ರಬ್ಬರಿನ ವಾಸನೆ ಬಂತು, ಫಟ್ ಎಂದು ಬೆಲ್ಟು ಕಿತ್ತು ಗೋಡೆಗೆ ಬಡಿಯಿತು. "ಎಷ್ಟು ಸಲ ಹೇಳೋದು ನಿಮಗೆ? ಚಕ್ರದ ಮೇಲೆ ಕಚ್ಚಿಕೊಂಡಿರಬೇಕು, ನಡುವೆ ಒಂಚೂರು ಸಡಿಲ ಇರಬೇಕು. ಎಲ್ಲಾ ಕಡೆ ಬಿಗಿದರೆ..." ಎಂದು ಬೈಯಲು ಶುರುಮಾಡಿದವಳು ಅರ್ಧಕ್ಕೇ ನಿಲ್ಲಿಸಿದೆ. ಕೆಳಗೆ ಬಗ್ಗಿ ನನ್ನ ಕಾಲು ನೋಡಿಕೊಂಡೆ. ದಿನವಿಡೀ ನಿಂತು ಕಾಲು ಬೆಳಗಿಗಿಂತ ದಪ್ಪಗಾಗಿತ್ತು. ಹಿಟ್ಟು ಮೆತ್ತಿದ ಕೈಯಲ್ಲೇ ರಸ್ತೆಗಿಳಿದು, ತಿಪ್ಪೇಶಪ್ಪನ ಅಂಗಡಿಯ ಮುಂದೆ ಹಾರಿ ಜಗಲಿ ಹತ್ತಿದೆ. ಅವರು ಬಾಗಿಲು ಹಾಕುತ್ತಿದ್ದರು.

"ಸಂಜೆ ಹೊತ್ತು ಯಾರಾದ್ರೂ ಶೂ ತಗೋತಾರಾ ನೀಲಕ್ಕ? ಕಾಲು ಊದಿರ್ತದೆ."

"ಊದಿರೋ ಕಾಲಿಗೇ ಬೇಕು. ಓಡುವಾಗ ಅದು ಊದೋದಿಲ್ವಾ? ಅಗೋ, ಆ ನೀಲಿ ಜೋಡು ಕೊಡಿ."

ಮೇಲಿನ ಅಟ್ಟದಲ್ಲಿ ಒಂದು ನೀಲಿ ಜೋಡು ಎಷ್ಟೋ ವರ್ಷದಿಂದ ಇತ್ತು. ಯಾರ ಕಾಲಿಗೂ ಬಿಗಿಯಾಗಲಿಲ್ಲ ಎಂದು ಮಾರಾಟವಾಗದೆ ಉಳಿದದ್ದು. ಒಂದರಲ್ಲಿ ಊದುಬತ್ತಿ, ಇನ್ನೊಂದರಲ್ಲಿ ಪುಕ್ಕದ ಪೊರಕೆ ಸಿಕ್ಕಿಸಿದ್ದರು. "ಅದು ಮಾರೋದಲ್ಲಮ್ಮ, ದೃಷ್ಟಿಗೆ ಇಟ್ಟಿರೋದು" ಎಂದರು ತಿಪ್ಪೇಶಪ್ಪ. ನಾನು ಸ್ಟೂಲು ಹತ್ತಿ ನಾನೇ ಇಳಿಸಿಕೊಂಡೆ.

ಓಡುವಾಗ ಹಾಕುವ ದಪ್ಪ ಕಾಲುಚೀಲ ತರಿಸಿ ಹಾಕಿಕೊಂಡೆ. ನಮ್ಮಲ್ಲಿ ಒಂದೇ ಕಾಲಿಗೆ ಹಾಕಿ ನೋಡುವುದು ವಾಡಿಕೆ, ನಾನು ಎರಡಕ್ಕೂ ಹಾಕಿದೆ. ನನ್ನ ಎಡಗಾಲು ಬಲಗಾಲಿಗಿಂತ ಒಂದು ಕೂದಲಷ್ಟು ದೊಡ್ಡದು ಎಂದು ನನಗೆ ಗೊತ್ತಾದದ್ದೇ ಅವತ್ತು. ಎದ್ದು ನಿಂತೆ. ಉದ್ದ ಬೆರಳಿಗೂ ಶೂವಿನ ತುದಿಗೂ ನಡುವೆ ಹೆಬ್ಬೆರಳು ಅಡ್ಡ ಹಿಡಿಯುವಷ್ಟು ಜಾಗ. ಪಾದದ ಅಗಲ ಎಲ್ಲೂ ಒತ್ತಲಿಲ್ಲ. ಮುಂಗಾಲು ಬಗ್ಗುವ ಕಡೆಯೇ ಶೂ ಬಗ್ಗಿತು. ಹಿಮ್ಮಡಿ ಮಾತ್ರ ಕೊಂಚ ಜಾರಿತು, ಅಲ್ಲಿ ಲೇಸನ್ನು ಇನ್ನೂ ಮೇಲಿನ ತೂತಿಗೆ ಹಾಕಿ ಎಳೆದೆ. ಗಪ್ಪನೆ ಕಚ್ಚಿಕೊಂಡಿತು. ಅಂಗಡಿಯ ಈ ಗೋಡೆಯಿಂದ ಆ ಗೋಡೆಗೆ ಓಡಿದೆ. ಮೆತ್ತಗೆ, ಹಗುರ, ನೋವಿನ ಸುಳಿವಿಲ್ಲ. ನನಗೆ ನಗು ತಡೆಯಲಾಗಲಿಲ್ಲ. ಮಗುವಿನ ಹಾಗೆ ಮತ್ತೆ ಮತ್ತೆ ಓಡಿದೆ. ಕಪಾಟಿನ ಡಬ್ಬಗಳೆಲ್ಲ ಅಲುಗಾಡಿದವು. ಜಗಲಿಯಲ್ಲಿ ಜನ ಸೇರಿದರು. ಒಳಬಾಗಿಲ ಪರದೆ ಸರಿಸಿ ತಿಪ್ಪೇಶಪ್ಪನ ಹೆಂಡತಿ ಸರ್ವಮಂಗಳಮ್ಮ ಕಣ್ಣು ಮಿಟುಕಿಸದೆ ನನ್ನ ಪಾದವನ್ನೇ ನೋಡುತ್ತಿದ್ದರು.

"ಬೆರಳು ಆಡ್ತಾ ಇವೆ ನೀಲಕ್ಕ" ಎಂದರು ತಿಪ್ಪೇಶಪ್ಪ. ಶೂವಿನ ಮೇಲಿನ ಬಟ್ಟೆಯಲ್ಲಿ ಅದು ಎಲ್ಲರಿಗೂ ಕಾಣುತ್ತಿತ್ತು. ಅವರ ಮುಖದಲ್ಲಿ ನಾನು ಸೆರಗು ಜಾರಿಸಿಕೊಂಡು ನಿಂತೆನೇನೋ ಎಂಬಂಥ ಮುಜುಗರ.

"ಆಡ್ಲಿ ಬಿಡಿ. ಇಷ್ಟು ವರ್ಷ ಉಸಿರು ಕಟ್ಟಿ ಕೂತಿದ್ದವು, ಪಾಪ."

"ಸಂದಿಯಲ್ಲಿ ಕಳಚಿ ಹೋದ್ರೆ ನನ್ನ ಅಂಗಡಿ ಹೆಸರು ಮಾತ್ರ ಎತ್ತಬೇಡಿ ತಾಯಿ" ಎಂದು ಕೈ ಮುಗಿದರು.

ಆಮೇಲಿನ ಮುಂಜಾನೆಗಳನ್ನು ಹೇಗೆ ಹೇಳಲಿ. ಗಿರಣಿ ಶುರುವಾಗುವ ಮುಂಚೆ ಎದ್ದು, ಸೀರೆ ಎತ್ತಿ ಕಚ್ಚೆ ಹಾಕಿ ರಸ್ತೆಗಿಳಿದುಬಿಡುತ್ತಿದ್ದೆ. ಮೊದಲು ಹೋಟೆಲಿನವರೆಗೆ, ಆಮೇಲೆ ಕ್ಷೌರದಂಗಡಿಯವರೆಗೆ, ಆಮೇಲೆ ಶಾಲೆಯವರೆಗೆ. ಹಲ್ಲುಜ್ಜುತ್ತ ಜಗಲಿಯಲ್ಲಿ ನಿಂತವರು "ಇವತ್ತು ಎಲ್ಲೀವರೆಗೆ ನೀಲಕ್ಕ?" ಎಂದು ಕೇಳುತ್ತಿದ್ದರು. ಮೊದಮೊದಲು ಅದು ಗೇಲಿ. ಬರಬರುತ್ತ ನಿಜವಾದ ಕುತೂಹಲವಾಯಿತು. ಬೆರಳಿನ ನೀಲಿ ಇಳಿದು, ಹೊಸ ಉಗುರು ಕೆಂಪಗೆ ಬರತೊಡಗಿತು. ಎದೆ ಡವಗುಟ್ಟಿದರೂ ಕಾಲು ಇನ್ನೂ ಇನ್ನೂ ಎನ್ನುತ್ತಿತ್ತು.

ಅತ್ತೆಗೆ ಇದೊಂದು ಸಂಕಟವಾಯಿತು. ಅವರು ಜಗಲಿಯಲ್ಲಿ ಕೂತು ಬೈಯಲು ಶುರುಮಾಡಿದರೆ, "ಗಿರಣಿ ಬಿಟ್ಟು, ಗಂಡನ್ನ ಬಿಟ್ಟು, ಬೆರಳು ಆಡಿಸ್ಕೊಂಡು" ಎನ್ನುವಷ್ಟರಲ್ಲಿ ನಾನು ದೂರ ಹೋಗಿರುತ್ತಿದ್ದೆ. ಬೈಗುಳ ಅರ್ಧಕ್ಕೇ ಉಳಿಯುವುದು ಅವರಿಗೆ ಸಹಿಸದು. ಒಂದು ದಿನ ರಸ್ತೆಗಿಳಿದು ಪಕ್ಕದಲ್ಲೇ ನಡೆಯುತ್ತ ಪೂರ್ತಿ ಬೈದರು. ಇನ್ನೊಂದು ದಿನ ಬೈಗುಳ ಉದ್ದವಿತ್ತು, ಕ್ಷೌರದಂಗಡಿಯವರೆಗೆ ಓಡಿಕೊಂಡೇ ಬಂದರು. ಅಲ್ಲಿಂದ ಮುಂದೆ ಅದೇ ದಿನಚರಿಯಾಯಿತು. ನಾನು ಓಡುವುದು, ಅವರು ಜೊತೆಗೆ ಬೈಯುತ್ತ ಓಡುವುದು. ಬೈಯುತ್ತ ಓಡಬಲ್ಲವರಿಗೆ ದಮ್ಮು ಎಷ್ಟಿರಬೇಕು ಯೋಚಿಸಿ. ಒಂದು ಬೆಳಗ್ಗೆ ನೋಡುತ್ತೇನೆ, ಅವರ ಹಳೇ ಕ್ಯಾನ್ವಾಸ್ ಶೂವಿನ ತುದಿ ಎರಡೂ ಕಡೆ ನೀಟಾಗಿ ಕತ್ತರಿಸಿಹೋಗಿದೆ, ಕಪ್ಪು ಬೆರಳುಗಳು ಹೊರಗೆ ಇಣುಕುತ್ತಿವೆ.

"ಏನತ್ತೆ ಇದು?"

"ಇಲಿ ಕಡಿದಿರಬೇಕು."

ಈಳಿಗೆಮಣೆಗೆ ಕ್ಯಾನ್ವಾಸಿನ ನೂಲು ಅಂಟಿದ್ದನ್ನು ನಾನು ಅವತ್ತು ಬೆಳಗ್ಗೆಯೇ ನೋಡಿದ್ದೆ. ಬಾಯಿ ಮುಚ್ಚಿಕೊಂಡು ಓಡಿದೆ.

ಸಂಕ್ರಾಂತಿ ಕಳೆಯಿತು. ಮದುವೆಗೆ ಮೂರು ದಿನ ಮುಂಚೆ ಬೆಳಕು ಹರಿಯುವಾಗ ಹೊರಟೆ. ನಾನೇ ಬೀಸಿದ ಚಕ್ಕುಲಿ ಹಿಟ್ಟನ್ನು ಚೀಲಕ್ಕೆ ತುಂಬಿ ಬೆನ್ನಿಗೆ ಕಟ್ಟಿಕೊಂಡಿದ್ದೆ. ಪಂಚಾಕ್ಷರಿ ಬೆನ್ನಿನ ಗಂಟನ್ನು ಇನ್ನೊಮ್ಮೆ ಬಿಗಿದರು. ಸಂದಿಯ ಕೆಳಗಿನ ಕೊನೆಯ ಜಗಲಿಯವರೆಗೆ ಅತ್ತೆ ಜೊತೆಗೆ ಓಡಿ ಬಂದರು. ಅವತ್ತು ಒಂದು ಬೈಗುಳವೂ ಇಲ್ಲ. ಜಗಲಿಯ ಮೇಲೆ ನನ್ನನ್ನು ಕೂರಿಸಿ, ತಾವು ಕೆಳಗೆ ಕೂತು, ನನ್ನ ಲೇಸು ಬಿಚ್ಚಿ ಮತ್ತೆ ಕಟ್ಟಿದರು. "ಹಿಮ್ಮಡಿ ಕಡೆ ಬಿಗಿ, ಮುಂದೆ ಸಡಿಲ. ಹೀಗೇ ತಾನೆ?" ಎಂದರು. ಹೂಂ ಎಂದೆ.

ಸಂದಿಯೊಳಗೆ ಕಾಲಿಟ್ಟ ತಕ್ಷಣ ರಸ್ತೆ ನನ್ನನ್ನು ಹಿಂದಕ್ಕೆ ಸೆಳೆಯಿತು. ನಾನು ಮುಂದಕ್ಕೆ ಬಿದ್ದು ಓಡಿದೆ. ಎರಡು ಬಂಡೆಗಳ ನಡುವೆ ನನ್ನ ಉಸಿರಿನ ಸದ್ದೇ ನನಗೆ ವಾಪಸು ಕೇಳುತ್ತಿತ್ತು. ಅರ್ಧ ದಾರಿಯಲ್ಲಿ ತೊಡೆ ಉರಿಯಿತು, ಬೆನ್ನ ಮೇಲಿನ ಹಿಟ್ಟು ಕಲ್ಲಾಯಿತು. ಅಲ್ಲಿ ಎಡಗಾಲಿನ ಶೂ ಜಾರುತ್ತಿದೆ ಅನ್ನಿಸಿಬಿಟ್ಟಿತು. ಹುಟ್ಟಿದಾರಭ್ಯ ಕೇಳಿದ ಹೆದರಿಕೆಯೆಲ್ಲ ಒಟ್ಟಿಗೆ ನುಗ್ಗಿ ಬಂತು. ಬಗ್ಗಿ ನೋಡಿದರೆ ಕಥೆ ಮುಗಿಯಿತು, ಕಾಲು ತಪ್ಪುತ್ತದೆ. ನೋಡಲಿಲ್ಲ. ಬೆರಳು ಆಡಿಸಿದೆ. ಐದೂ ಆಡಿದವು, ಶೂವಿನ ಒಳಗೇ ಇದ್ದವು. ಅಷ್ಟು ಸಾಕಾಯಿತು. ಬಲಗಾಲಿನದೂ ಆಡಿಸಿದೆ. ಆಮೇಲೆ ಒಂದೊಂದು ಹೆಜ್ಜೆಗೂ ಬೆರಳು ಆಡಿಸುತ್ತ, ನಗುತ್ತ, ಅಳುತ್ತ, ಹುಚ್ಚಿಯ ಹಾಗೆ ಓಡಿದೆ. ಬಂಡೆ ಇದ್ದಕ್ಕಿದ್ದ ಹಾಗೆ ಎರಡೂ ಕಡೆ ಸರಿಯಿತು, ಬಿಸಿಲು ಮುಖಕ್ಕೆ ಹೊಡೆಯಿತು, ಕಾಲ ಕೆಳಗೆ ರಸ್ತೆ ಸಾಧುವಾಯಿತು. ಮೊದಲು ಕಂಡ ಜಗಲಿ ಹತ್ತಿ ಬಿದ್ದುಕೊಂಡೆ.

ಆ ಜಗಲಿಯಲ್ಲಿ ಗಡ್ಡ ಬೋಳಿಸಿಕೊಳ್ಳುತ್ತಿದ್ದ ಮುದುಕರೊಬ್ಬರು ನನ್ನನ್ನು ನೋಡಿ ಕೈಯಲ್ಲಿದ್ದ ಕನ್ನಡಿ ಬೀಳಿಸಿದರು. "ಕೆಳಗಿನಿಂದ ಯಾರೋ ಬಂದವ್ರೆ, ಕೆಳಗಿನಿಂದ" ಎಂದು ಕೂಗಿಕೊಂಡರು. ಜಗಲಿಯಿಂದ ಜಗಲಿಗೆ ಕೂಗು ಹೋಯಿತು. ಅಕ್ಕ ಕಡಲೆಹಿಟ್ಟು ಕಲಸುತ್ತಿದ್ದ ಕೈಯಲ್ಲೇ ರಸ್ತೆಗಿಳಿದು ನಿಂತು ಹರಿದು ಬಂದಳು. ತಲೆ ಅರ್ಧ ನರೆತಿತ್ತು. ನನ್ನ ಮುಖ ನೋಡಿದಳು, ಕಾಲು ನೋಡಿದಳು, ಮತ್ತೆ ಮುಖ ನೋಡಿದಳು.

"ಬರಲಾರೆ ಅಂತ ಬರೆದಿದ್ದೆಯಲ್ಲ" ಎಂದೆ ನಾನು. "ತಗೋ, ಚಕ್ಕುಲಿ ಹಿಟ್ಟು."

ಅವಳು ಆ ಹಿಟ್ಟಿನ ಚೀಲವನ್ನು ಎದೆಗೊತ್ತಿಕೊಂಡು ಕೂತುಬಿಟ್ಟಳು. ಇಬ್ಬರೂ ಎಷ್ಟು ಹೊತ್ತು ಅತ್ತೆವೋ ಗೊತ್ತಿಲ್ಲ. ದಾಕ್ಷಿ ಬಂದು "ಚಿಕ್ಕಮ್ಮ ಇವ್ರೇನಾ?" ಎಂದು ಕೇಳಿದಾಗಲೇ ಎಚ್ಚರವಾದದ್ದು.

ಅವತ್ತೇ ಮಧ್ಯಾಹ್ನ ನಾನು ಶೂ ಒರೆಸಿ, ಲೇಸು ಸಡಿಲ ಮಾಡಿ, ಇನ್ನೊಂದು ಜೊತೆ ದಪ್ಪ ಕಾಲುಚೀಲ ಸೇರಿಸಿ ಬುಟ್ಟಿಯಲ್ಲಿಟ್ಟೆ. ಬುಟ್ಟಿ ರಸ್ತೆಗೆ ಬಿಡಲು ಹೋದರೆ ಅಕ್ಕ ಕೈ ಹಿಡಿದಳು. "ತಲೆ ಕೆಟ್ಟಿದೆಯೇನೇ? ಜೋಡು ಯಾರಾದ್ರೂ ರಸ್ತೆಗೆ ಬಿಡ್ತಾರಾ?"

"ನನಗೆ ಇಳಿದು ಹೋಗೋಕೆ ಶೂ ಬೇಕಾಗಿಲ್ಲ ಬಿಡು" ಎಂದು ಬುಟ್ಟಿ ಬಿಟ್ಟೆ. ಸಂದಿಯೊಳಗೆ ಅದು ತೂರಿ ಮರೆಯಾಯಿತು. ಯಾರಿಗೆ ಎಂದು ಅಕ್ಕ ಕೇಳಿದಳು. ನಾನು ಹೇಳಲಿಲ್ಲ. ಹೇಳಿ, ಆಗದೆ ಹೋದರೆ ಎಂಬ ಹೆದರಿಕೆ.

ಮರುದಿನ ಯಾರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮದುವೆಯ ದಿನ ಧಾರೆ ಮುಗಿದು, ಊಟದ ಎಲೆ ಹಾಕಿ, ನಾನು ಚಕ್ಕುಲಿ ಬಡಿಸುತ್ತಿದ್ದಾಗ ಸಂದಿಯ ಕಡೆಯ ಜಗಲಿಗಳಿಂದ ಕೂಗು ಎದ್ದಿತು. ನಾನು ತಟ್ಟೆ ಅಲ್ಲೇ ಬಿಟ್ಟು ರಸ್ತೆಗಿಳಿದೆ. ಅಕ್ಕನೂ ಹಿಂದೆಯೇ ಬಂದಳು.

ನಮ್ಮತ್ತೆ ಹಾಲಮ್ಮನವರು ಜಗಲಿಯ ಕಂಬ ಹಿಡಿದು ನಿಂತಿದ್ದರು. ಕಚ್ಚೆ ಹಾಕಿದ ಸೀರೆ, ಕಾಲಲ್ಲಿ ನೀಲಿ ಜೋಡು. ನನ್ನನ್ನು ಕಂಡದ್ದೇ ಶುರುಮಾಡಿದರು, ತುಂಡು ತುಂಡು ಉಸಿರಲ್ಲಿ. "ಎರಡು ಕಾಲುಚೀಲ... ನನಗೆ ಸಾಲ್ತದಾ? ಅಷ್ಟೂ ಬುದ್ಧಿ ಬೇಡ್ವಾ? ಎರಡು ಸಲ ಹತ್ತಿ ಎರಡು ಸಲಾನೂ ವಾಪಸ್ ಹೋದೆ. ಹಿಮ್ಮಡಿಗೆ ಹಳೇ ಬಟ್ಟೆ ಸುತ್ಕೊಂಡು..." ಅಲ್ಲಿಗೆ ಮಾತು ನಿಂತಿತು. ಇಷ್ಟು ದಿನದಲ್ಲಿ ಅವರು ಒಂದು ಬೈಗುಳವನ್ನು ತಾವಾಗಿ ಅರ್ಧಕ್ಕೆ ಬಿಟ್ಟದ್ದು ಅದೇ ಮೊದಲು. ಎಡಗಡೆಯ ಮನೆಸಾಲು ನೋಡಿದರು, ಬಲಗಡೆಯದು ನೋಡಿದರು, ಮತ್ತೆ ಎಡಗಡೆ ನೋಡಿದರು.

"ನೀಲಾ" ಎಂದರು, ನಾನು ಯಾವತ್ತೂ ಕೇಳದ ಸಣ್ಣ ದನಿಯಲ್ಲಿ. "ನಮ್ಮನೆ ಎಡಗಡೆ ಇತ್ತೋ, ಬಲಗಡೆಯೋ? ಮರೆತೇಹೋಗಿದೆ ಕಣೇ."

ಅಕ್ಕ ಮುಂದೆ ಬಂದು ಅವರ ಕೈ ಹಿಡಿದಳು. "ಬಲಗಡೆ ಹಾಲಮ್ಮತ್ತೆ. ಅಗೋ, ಹಸಿರು ಬಾಗಿಲು. ನಿಮ್ಮ ತಮ್ಮ ನಮ್ಮನೇಲಿ ಊಟಕ್ಕೆ ಕೂತವ್ರೆ, ಕರೀತೀನಿ ಇರಿ."

"ಕರೀಬೇಡ. ನಾನೇ ಹೋಗ್ತೀನಿ" ಎಂದರು ಅತ್ತೆ. ಆದರೆ ಹೋಗಲಿಲ್ಲ, ಜಗಲಿಯ ಮೇಲೆ ಕೂತು ಕಾಲು ಮುಂದೆ ಚಾಚಿದರು. ನಾನು ಕೆಳಗೆ ಕೂತು ಲೇಸು ಬಿಚ್ಚಿದೆ, ಒಂದರ ಮೇಲೊಂದು ಕಾಲುಚೀಲ ಎಳೆದೆ, ಹಿಮ್ಮಡಿಗೆ ಸುತ್ತಿದ ಬಟ್ಟೆ ಬಿಡಿಸಿದೆ. ಇದ್ದಿಲಿನಂಥ ಉಗುರಿನ ಹತ್ತೂ ಬೆರಳು ಬಿಸಿಲಲ್ಲಿ ಆಡುತ್ತಿದ್ದವು. ಅತ್ತೆ ಅವನ್ನೇ ನೋಡುತ್ತ ಕಣ್ಣೊರೆಸಿಕೊಂಡರು.

"ಬುಟ್ಟಿ ಎಲ್ಲಿ?" ಎಂದರು.

"ಯಾಕತ್ತೆ?"

"ಬೇಗ ಬಿಡೇ. ಕೆಳಗೆ ತಿಪ್ಪೇಶಪ್ಪನ ಹೆಂಡತಿ ಜಗಲಿ ಮೇಲೆ ಕಾಯ್ತಾ ಕೂತಿದಾಳೆ."